ಮೊದಲು ನೀರು, ಆಮೇಲೆ ಮೀನು

(ಬಂಗಾರಪೇಟೆಯಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟ್ರು ಗಾಜಿನ ತೊಟ್ಟಿಯ ಮೀನಿನ ಬಗ್ಗೆ ಮಾತನಾಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆಯ ಅನೇಕ ಹೊಲಗಳಲ್ಲಿ ಕೃಷಿ ಹೊಂಡಗಳಾಗಿವೆ. ಕೆಲವರು ಅದರಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಡುತ್ತಾರೆ. ಒಂದು ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಹೊತ್ತೇರುವಷ್ಟರಲ್ಲಿ ಸತ್ತು ತೇಲುತ್ತವೆ. ಇದು ಏಕಾಯಿತು ಎಂಬುದು ಹೊಂಡದ ಕಲಕು ನೀರಿನಲ್ಲಿ ಕಾಣುವುದಿಲ್ಲ, ಗಾಜಿನ ತೊಟ್ಟಿಯಲ್ಲಿ ಕಾಣುತ್ತದೆ. ಅದೇ ಪಾಠವನ್ನು ಐವತ್ತು ಲೀಟರ್ ನೀರಿನಲ್ಲಿ ಕಲಿತರೆ ನಷ್ಟವೂ ಕಡಿಮೆ. ಮನೆಯಲ್ಲಿ, ಹಳ್ಳಿಯ ಶಾಲೆಯಲ್ಲಿ ಒಂದೊಂದು ತೊಟ್ಟಿ ಇದ್ದರೆ ಮಕ್ಕಳಿಗೂ ಸಂತೋಷ, ದೊಡ್ಡವರಿಗೂ ತಿಳುವಳಿಕೆ.

ನಾನು ಮೊದಲ ಬಾರಿ ತೊಟ್ಟಿ ಇಟ್ಟಾಗ ಮಧ್ಯಾಹ್ನ ಕೊಳವೆಬಾವಿಯ ನೀರು ತುಂಬಿಸಿ, ಸಂಜೆಗೆ ಹನ್ನೆರಡು ಮೀನು ಬಿಟ್ಟೆ. ಒಂಬತ್ತನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ತರಗತಿಯಲ್ಲಿ ಸಾರಜನಕದ ಚಕ್ರವನ್ನು ವರ್ಷವರ್ಷವೂ ಪಾಠ ಮಾಡುವವನು ನಾನು. ಆ ಚಕ್ರ ನನ್ನ ಮನೆಯ ತೊಟ್ಟಿಯಲ್ಲಿ ಇನ್ನೂ ತಿರುಗಲು ಆರಂಭಿಸಿಯೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ನೀವು ಹೊಲಕ್ಕೆ ಯೂರಿಯಾ ಹಾಕುತ್ತೀರಿ. ಅದು ಅಮೋನಿಯಾ ಆಗುತ್ತದೆ. ಮಣ್ಣಿನ ಸೂಕ್ಷ್ಮಾಣುಜೀವಿಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ರಾಗಿಯ ಬೇರು ಅದನ್ನು ಹೀರುತ್ತದೆ. ತೊಟ್ಟಿಯಲ್ಲಿ ನಡೆಯಬೇಕಾದದ್ದೂ ಇದೇ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ಇವನ್ನು ಪರಿವರ್ತಿಸುವ ಜೀವಿಗಳು ಮರಳು, ಕಲ್ಲು, ಎಲೆಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದಲೇ ಮೊದಲು ನೀರನ್ನು ಹದಗೊಳಿಸಿ, ಆಮೇಲೆ ಮೀನು ಬಿಡಿ ಎನ್ನುತ್ತೇನೆ.

ಇನ್ನು ನಮ್ಮ ನೀರಿನ ವಿಚಾರ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೀರು ಹಲವೆಡೆ ಗಡಸು, ಫ್ಲೋರೈಡ್ ಕೂಡ ಹೆಚ್ಚು. ರಸಸಾರ ಒಂದು ಅಂಕ ಏರಿದರೆ ಅಮೋನಿಯಾದಲ್ಲಿನ ವಿಷದ ಭಾಗ ಸುಮಾರು ಹತ್ತುಪಟ್ಟು ಏರುತ್ತದೆ. ಕ್ಷಾರ ಗುಣದ ನೀರಿನಲ್ಲಿ ನಮ್ಮ ತಪ್ಪಿಗೆ ಶಿಕ್ಷೆ ಬೇಗ ಎಂದು ತಿಳಿಯಿರಿ. ಸಾಧ್ಯವಾದರೆ ಅರ್ಧ ಮಳೆನೀರು, ಅರ್ಧ ಕೊಳವೆಬಾವಿ ನೀರು ಬೆರೆಸಿ. ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಯಾವುದೇ ಆದರೂ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು, ಆಗಾಗ ಕಲಕಿ ಬಳಸಿ.

ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರವಿದ್ದರೆ ಸಾಕು. ತುಂಬಿದಾಗ ಅರವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಗಟ್ಟಿ ಮೇಜಿನ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಿ. ತಳಕ್ಕೆ ಒಂದಂಗುಲ ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಗೊಬ್ಬರ ಸೇರಿರಬಾರದು. ಮೇಲೆ ಎರಡಂಗುಲ ಚೆನ್ನಾಗಿ ತೊಳೆದ ದಪ್ಪ ಮರಳು. ಮರಳಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಸುಣ್ಣದ ಅಂಶವಿದೆ, ನೀರು ಇನ್ನೂ ಗಡಸಾಗುತ್ತದೆ, ಬೇಡ.

ಕೆ.ಜಿ.ಎಫ್. ಕಡೆಯವರಿಗೆ ಒಂದು ಮಾತು. ಗಣಿಗಳು 2001ರಲ್ಲಿ ಮುಚ್ಚಿದವು, ಸೈನೈಡ್ ದಿಬ್ಬಗಳು ಉಳಿದಿವೆ. ಆ ನುಣುಪಾದ ಹುಡಿ ನೋಡಲು ಮರಳಿನಂತಿದ್ದರೂ ಅದು ಅದಿರನ್ನು ಅರೆದು, ಸೈನೈಡಿನಿಂದ ಚಿನ್ನ ತೆಗೆದು ಬಿಟ್ಟ ತ್ಯಾಜ್ಯ. ಅದನ್ನು ತೊಟ್ಟಿಗೂ ತರಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಗಿಡಗಳೇ ಈ ತೊಟ್ಟಿಯ ಬೆಳೆ. ಹಿಂಭಾಗಕ್ಕೆ ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ, ಬದಿಗೆ ಹೈಡ್ರಿಲ್ಲ ನೆಡಿ. ಎರಡೂ ಗಡಸು ನೀರನ್ನು ತಾಳಿಕೊಳ್ಳುತ್ತವೆ. ಮೊದಲ ದಿನವೇ ಒತ್ತಾಗಿ ನೆಡಿ. ಗಿಡ ವಿರಳವಾದರೆ ಪೋಷಕಾಂಶವನ್ನು ಪಾಚಿ ತಿನ್ನುತ್ತದೆ. ಹೊಲದಲ್ಲಿ ಬೆಳೆ ವಿರಳವಾದರೆ ಕಳೆ ಬರುವಂತೆ. ಎರಡು ಮೂರು ಅಂತರಗಂಗೆ ಗಿಡಗಳನ್ನು ತೇಲಬಿಟ್ಟರೆ ಅವೂ ಅಮೋನಿಯಾ ಹೀರುತ್ತವೆ. ದಿನಕ್ಕೆ ಎಂಟು ಗಂಟೆ ದೀಪದ ಬೆಳಕು ಸಾಕು. ಔಷಧ ಸಿಂಪಡಿಸಿದ ಹೊಲದ ಕಾಲುವೆಯಿಂದ ಗಿಡ ತರಬೇಡಿ. ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್‌ನಂಥ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲೇ ಮೀನನ್ನು ಕೊಲ್ಲುತ್ತವೆ. ಸಿಂಪರಣೆ ಮಾಡಿ ಬಂದ ಕೈಯನ್ನು ತೊಟ್ಟಿಗೆ ಅದ್ದಲೇಬೇಡಿ.

ನಾಲ್ಕು ವಾರ ಗಿಡಗಳಷ್ಟೇ ಇರಲಿ. ಹೊಸ ಚಿಗುರು ಕಂಡ ಮೇಲೆ ನಾಲ್ಕು ಮೀನು ಬಿಡಿ. ಎರಡು ವಾರ ನೋಡಿ ಮತ್ತೆ ನಾಲ್ಕು. ಈ ತೊಟ್ಟಿಗೆ ಹತ್ತು ಚಿಕ್ಕ ಮೀನು ಮಿತಿ. ಯಾವ ಮೀನು ಎಂದರೆ, ಗಪ್ಪಿ ಎನ್ನುತ್ತೇನೆ. ಅದು ಗಡಸು ನೀರಿಗೆ ಒಗ್ಗುವ ಮೀನು. ಬಂಗಾರಪೇಟೆ ತಾಲ್ಲೂಕಿಗೆ ಅದು ಹೊಸದೂ ಅಲ್ಲ. 1990ರ ದಶಕದಲ್ಲಿ ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ, ಹಳ್ಳಗಳಿಗೆ ಬಿಟ್ಟದ್ದು ಇದೇ ಜಾತಿಯ ಮೀನನ್ನು. ಸೊಳ್ಳೆಮರಿ ಅದರ ಪ್ರಿಯ ಆಹಾರ. ಗಂಡು ಹೆಣ್ಣು ಎರಡೂ ಇದ್ದರೆ ತಿಂಗಳಿಗೊಮ್ಮೆ ಮರಿ ಹಾಕಿ ತೊಟ್ಟಿ ತುಂಬಿಬಿಡುತ್ತದೆ. ಆದ್ದರಿಂದ ಗಂಡುಗಳನ್ನು ಮಾತ್ರ ಸಾಕುವುದು ಸುಲಭ.

ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಆಹಾರ ಕೊಡಿ. ಹಸಿವಿನಿಂದ ಸತ್ತ ಮೀನಿಗಿಂತ ನಮ್ಮ ಪ್ರೀತಿಯಿಂದ ಸತ್ತ ಮೀನೇ ಹೆಚ್ಚು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ತೆಗೆದ ನೀರು ಕರಿಬೇವಿನ ಗಿಡಕ್ಕೆ ಒಳ್ಳೆಯ ಗೊಬ್ಬರ. ಪೂರ್ತಿ ನೀರು ತೆಗೆದು ಮರಳನ್ನು ಸೋಪಿನಿಂದ ತೊಳೆಯುವವರಿದ್ದಾರೆ. ಹಾಗೆ ಮಾಡಿದರೆ ಆರು ವಾರ ಬೆಳೆಸಿದ ಜೀವಿಗಳು ಒಂದೇ ದಿನಕ್ಕೆ ಹೋಗುತ್ತವೆ. ಬೇಸಿಗೆಯಲ್ಲಿ ಆವಿಯಾದ ನೀರಿನ ಬದಲಿಗೆ ಮಳೆನೀರನ್ನೇ ಸೇರಿಸಿ. ನೀರು ಆವಿಯಾದರೂ ಲವಣ ಉಳಿಯುತ್ತದೆ; ಚೌಳು ಭೂಮಿ ಆಗುವುದೂ ಹೀಗೆಯೇ.

ಈಗ ಬೆಳಗಿನ ಜಾವದ ಪ್ರಶ್ನೆಗೆ ಬರೋಣ. ಹಗಲಲ್ಲಿ ಎಲೆಗಳಿಂದ ಸಣ್ಣ ಗುಳ್ಳೆಗಳು ಏಳುವುದನ್ನು ತೊಟ್ಟಿಯಲ್ಲಿ ಕಾಣುತ್ತೀರಿ. ಅದು ಆಮ್ಲಜನಕ. ರಾತ್ರಿ ಗಿಡ, ಪಾಚಿ, ಮೀನು ಎಲ್ಲವೂ ಆಮ್ಲಜನಕವನ್ನು ಬಳಸುತ್ತವೆ, ಯಾವುದೂ ಕೊಡುವುದಿಲ್ಲ. ಸೂರ್ಯೋದಯಕ್ಕೆ ಮುಂಚೆ ಅದು ಅತಿ ಕಡಿಮೆ ಇರುತ್ತದೆ. ಸಗಣಿ, ಆಹಾರ ಹೆಚ್ಚಾಗಿ ಹಸಿರುಗಟ್ಟಿದ ಹೊಂಡದಲ್ಲಿ ಮೀನು ಸಾಯುವುದು ಇದರಿಂದ. ಮೀನು ಬಾಯಿ ಬಿಡುವುದು ಕಂಡೊಡನೆ ಪಂಪ್ ಹಾಕಿ ಹೊಂಡದ ನೀರನ್ನು ಮೇಲಿನಿಂದ ಅದಕ್ಕೇ ಚಿಮ್ಮಿಸಿ. ಆ ದಿನ ಆಹಾರ, ಸಗಣಿ ಎರಡನ್ನೂ ನಿಲ್ಲಿಸಿ.

ಕೊನೆಯದಾಗಿ, ತೊಟ್ಟಿ ಸಾಕಾಯಿತೆಂದು ಗಿಡ, ಮೀನುಗಳನ್ನು ಕೆರೆಗೆ ಸುರಿಯಬೇಡಿ. ಒಂದು ಹಿಡಿ ಅಂತರಗಂಗೆ ಕೆರೆಯನ್ನೇ ಮುಚ್ಚಬಲ್ಲದು. ಗಪ್ಪಿ ಹೊರಗಿನ ಮೀನು. ನಮ್ಮ ಕೆರೆಯ ಮೀನುಗಳ ಮರಿಗಳಿಗೆ ಅದರಿಂದ ಕುತ್ತು. ಗಿಡವನ್ನು ತಿಪ್ಪೆಗೆ ಹಾಕಿ, ಮೀನನ್ನು ಸಾಕುವವರಿಗೆ ಕೊಡಿ.

ಬಿತ್ತುವ ಮುಂಚೆ ಭೂಮಿ ಹದ ಮಾಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆ ತಾಳ್ಮೆಯನ್ನೇ ನೀರಿಗೂ ತೋರಿಸಿ ಎಂದಷ್ಟೇ ನನ್ನ ಕೋರಿಕೆ.