ಕಲಿತದ್ದನ್ನು ಮರೆಯುವ ಮಗು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯ ಯಾವುದಾದರೊಂದು ಪ್ರಾಥಮಿಕ ಶಾಲೆಯ ಎರಡನೆಯ ತರಗತಿಯನ್ನು ನೆನೆಸಿಕೊಳ್ಳಿ. ಏಳಕ್ಕೆ ಐದು ಕೂಡಿಸಿದರೆ ಹನ್ನೆರಡೆಂದು ನಿನ್ನೆ ಸರಿಯಾಗಿ ಹೇಳಿದ ಹುಡುಗ, ಇಂದು ಆ ಲೆಕ್ಕವನ್ನು ಕಂಡೇ ಇಲ್ಲವೆಂಬಂತೆ ಮುಖ ನೋಡುತ್ತಾನೆ. ಟೀಚರಿಗೆ ಬೇಸರ. ಮನೆಯಲ್ಲಿ “ಸೋಮಾರಿ” ಎಂಬ ಹೆಸರು. ಆದರೆ ಇಂಥ ಮಕ್ಕಳಲ್ಲಿ ಕೆಲವರು ಹುಟ್ಟುವ ಮೊದಲೇ, ತಾಯಿಯ ಗರ್ಭದಲ್ಲಿರುವಾಗಲೇ, ಮದ್ಯದಿಂದ ಪೆಟ್ಟು ತಿಂದವರಾಗಿರಬಹುದು. ಅವರ ವಿಷಯವಾಗಿ ನಿಮ್ಮೊಡನೆ ನಾಲ್ಕು ಮಾತು.

ಬಸುರಿ ಕುಡಿದ ಮದ್ಯ ಹೊಕ್ಕುಳ ಬಳ್ಳಿಯ ಮೂಲಕ ಮಗುವಿನ ರಕ್ತಕ್ಕೂ ಸೇರುತ್ತದೆ. ಅದನ್ನು ಕರಗಿಸುವಷ್ಟು ಶಕ್ತಿ ಮಗುವಿನ ಎಳೆಯ ಯಕೃತ್ತಿಗೆ ಇಲ್ಲ. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುವುದರಿಂದ ಇಂಥ ತಿಂಗಳಲ್ಲಿ ಕುಡಿದರೆ ಭಯವಿಲ್ಲ, ಇಷ್ಟು ಕುಡಿದರೆ ಬಾಧಕವಿಲ್ಲ ಎನ್ನುವಂತಿಲ್ಲ. ಫ್ರಾನ್ಸಿನ ವೈದ್ಯ ಪಾಲ್ ಲೆಮ್ವಾನ್ 1968ರಲ್ಲಿ ಕುಡಿತದ ಮನೆಗಳ 127 ಮಕ್ಕಳ ವಿವರವನ್ನು ಪ್ರಕಟಿಸಿದರು. 1973ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಬ ವೈದ್ಯರು ಇದಕ್ಕೊಂದು ಹೆಸರಿಟ್ಟರು. ತೆಳ್ಳಗಿನ ಮೇಲ್ದುಟಿ, ಮೂಗಿನ ಕೆಳಗಿನ ಗೆರೆ ಅಳಿಸಿದಂತಿರುವುದು, ಕಿರಿದಾದ ಕಣ್ಣುಗಳು ಇದರ ಗುರುತುಗಳು. ಆದರೆ ಪೆಟ್ಟು ತಿಂದ ಬಹಳ ಮಕ್ಕಳ ಮುಖದಲ್ಲಿ ಯಾವ ಗುರುತೂ ಇರುವುದಿಲ್ಲ.

“ನಮ್ಮಲ್ಲಿ ಹೆಂಗಸರು ಕುಡಿಯುವುದುಂಟೇ?” ಎಂದು ನೀವು ಕೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ನೂರು ಹೆಂಗಸರಲ್ಲಿ ಸುಮಾರು ಒಬ್ಬರು ಕುಡಿಯುತ್ತೇವೆಂದು ಹೇಳಿದ್ದಾರೆ. ಪ್ರಮಾಣ ಚಿಕ್ಕದು, ನಿಜ. ಚಿಕ್ಕದೆಂಬ ಕಾರಣಕ್ಕೇ ಅದು ಯಾರ ಗಮನಕ್ಕೂ ಬರುವುದಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ನಮ್ಮ ಕರಾವಳಿಯ ಕಳ್ಳು ನಿಲ್ಲಲಿಲ್ಲ. ಮರದಿಂದ ಇಳಿದದ್ದು, ದೇಹಕ್ಕೆ ತಂಪು ಎನ್ನುವವರಿದ್ದಾರೆ. ಆದರೆ ಇಳಿಸಿದ ಕೆಲವೇ ಗಂಟೆಗಳಲ್ಲಿ ಅದು ಹುಳಿಯುತ್ತದೆ, ಅದರಲ್ಲಿ ಮದ್ಯಸಾರ ಹುಟ್ಟುತ್ತದೆ. ಬಸುರಿಯ ಪಾಲಿಗೆ ಕಳ್ಳೂ ಮದ್ಯವೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ತಂದೆ ಕುಡುಕನೆಂದ ಮಾತ್ರಕ್ಕೆ ಮಗುವಿಗೆ ಈ ತೊಂದರೆ ಇದೆಯೆಂದು ಹೇಳಬಾರದು. ರಾತ್ರಿಯ ಜಗಳದಲ್ಲಿ ನಿದ್ದೆಗೆಟ್ಟ ಮಗುವೂ ಬೆಳಿಗ್ಗೆ ಮಂಕಾಗಿರುತ್ತದೆ. ಮನೆಯಲ್ಲಿ ತುಳುವೋ, ಕೊಂಕಣಿಯೋ, ಬ್ಯಾರಿಯೋ ಆಡಿ ಬಂದ ಮಗುವೂ ಕನ್ನಡದ ಪಾಠಕ್ಕೆ ಮೊದಮೊದಲು ತಡವರಿಸುತ್ತದೆ. ಕಿವಿ ಕೇಳದಿರಬಹುದು, ಕಣ್ಣು ಕಾಣದಿರಬಹುದು. ಕಾರಣವನ್ನು ಹುಡುಕಿ ಹೆಸರಿಡುವುದು ವೈದ್ಯರ ಕೆಲಸ. ಕಲಿಯಲು ನೆರವಾಗುವುದು ನಮ್ಮ ಕೆಲಸ. ಅದಕ್ಕೆ ಆ ಹೆಸರಿನ ದಾರಿ ಕಾಯಬೇಕಾಗಿಲ್ಲ.

ನೆರವೆಂದರೆ ಏನು? “ಪುಸ್ತಕ ತೆಗೆದು, ಹದಿನಾಲ್ಕನೆಯ ಪುಟ ಬಿಡಿಸಿ, ಮೂರನೆಯ ಲೆಕ್ಕ ಬರೆಯಿರಿ” ಎನ್ನುತ್ತೇವೆ. ನಮಗೆ ಅದು ಒಂದು ಮಾತು. ಈ ಮಗುವಿಗೆ ಮೂರು ಮಾತು. ಪುಸ್ತಕ ತೆಗೆಯುವುದರೊಳಗೆ ಉಳಿದೆರಡು ಹಾರಿಹೋಗಿರುತ್ತವೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅದು ಮುಗಿದ ಮೇಲೆ ಇನ್ನೊಂದು. ಅಂಕಿಯನ್ನು ಬಾಯಲ್ಲಿ ಹೇಳಿದರೆ ಸಾಲದು, ಹುಣಿಸೆ ಬೀಜವನ್ನೋ ಅಡಿಕೆಯನ್ನೋ ಕೈಗೆ ಕೊಡಿ. ರಸ್ತೆಯ ಕಡೆಯ ಕಿಟಕಿಯಿಂದ ದೂರ, ಟೀಚರ ಹತ್ತಿರ ಕೂರಿಸಿ. ದಿನದ ಕ್ರಮ ದಿನವೂ ಒಂದೇ ಇರಲಿ; ಪ್ರಾರ್ಥನೆ, ಪಾಠ, ಊಟ, ಆಟ ಎಂದು ಚಿತ್ರ ಬರೆದು ಗೋಡೆಗೆ ಅಂಟಿಸಿ. ಕ್ರಮ ಬದಲಾಗುವುದಿದ್ದರೆ ಮೊದಲೇ ತಿಳಿಸಿ. ಇಂಥ ಮಗು ಯಾರು ಏನು ಹೇಳಿದರೂ ನಂಬಿಬಿಡುವುದುಂಟು. ಶಾಲೆಯ ದಾರಿಯಲ್ಲಿ, ಹೊಳೆಯ ಬದಿಯಲ್ಲಿ ಜೊತೆಗೊಬ್ಬರಿರಲಿ. ಬೆತ್ತದಿಂದ ನೆನಪು ಹುಟ್ಟುವುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಇಂಥ ಮಕ್ಕಳಿಗೆ ಒಂದು ರೀತಿಯಲ್ಲಿ ಅನುಕೂಲ. ಕಾರ್ಡು ಹಿಡಿದು ತನ್ನ ನಡಿಗೆಯಲ್ಲೇ ಮೆಟ್ಟಿಲೇರಬಹುದು. ಆದರೆ ಗುಂಪಿನ ಗದ್ದಲ ಕೆಲವರಿಗೆ ತಡೆಯದು. ಅವರಿಗೊಂದು ಶಾಂತವಾದ ಮೂಲೆ ಬೇಕು. ನಲಿ-ಕಲಿ ಮುಗಿದು ನಾಲ್ಕನೆಯ ತರಗತಿಗೆ ಬಂದಾಗ, ಎಲ್ಲರಿಗೂ ಒಂದೇ ಪಾಠ ಒಂದೇ ವೇಗವಾದಾಗ, ನಮ್ಮ ಕಣ್ಣು ಈ ಮಗುವಿನ ಮೇಲೆ ಹೆಚ್ಚಾಗಿಯೇ ಇರತಕ್ಕದ್ದು.

ಸರಕಾರದ ಸಹಾಯವೂ ಉಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಮಗುವನ್ನು ತೋರಿಸಿ. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳ ಶಿಕ್ಷಕರನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಈ ತೊಂದರೆಯ ಹೆಸರಿಲ್ಲ. ಆದರೆ ಬೌದ್ಧಿಕ ನ್ಯೂನತೆ, ಕಲಿಕೆಯ ನ್ಯೂನತೆಗಳುಂಟು. ಪರೀಕ್ಷೆಯಲ್ಲಿ ಅವು ಕಂಡುಬಂದರೆ ಸೌಲಭ್ಯ ಕೇಳಬಹುದು.

ಕೊನೆಗೆ, ತಾಯಿಯ ಮಾತು. ಬಸುರಾದದ್ದು ತಿಳಿಯುವ ಮೊದಲೇ ಕುಡಿದವರಿದ್ದಾರೆ, ಗಂಡನ ಒತ್ತಾಯಕ್ಕೆ ಕುಡಿದವರಿದ್ದಾರೆ. ಆಕೆಯನ್ನು ಹಳಿದರೆ ಆಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ವೈದ್ಯರಿಗೆ ಅವಶ್ಯವಾದ ಒಂದೇ ಸಂಗತಿ ಒಳಗೇ ಉಳಿಯುತ್ತದೆ. ಈಗ ಬಸುರಾಗಿರುವವಳಿಗೆ ಆಶಾ ಕಾರ್ಯಕರ್ತೆ ಮೆಲ್ಲನೆ, ಒಬ್ಬಳೇ ಇರುವಾಗ ಕೇಳಲಿ. ದಿನವೂ ಹೆಚ್ಚು ಕುಡಿಯುವ ಅಭ್ಯಾಸವಿದ್ದರೆ ತಾನಾಗಿ ಒಮ್ಮೆಲೇ ಬಿಡುವುದು ಅಪಾಯ. ವೈದ್ಯರ ಕೈಕೆಳಗೆ ಬಿಡಬೇಕು.

ಗರ್ಭದಲ್ಲಿ ಬಿದ್ದ ಪೆಟ್ಟನ್ನು ಅಳಿಸುವ ಔಷಧವಿಲ್ಲ. ಆದರೆ ಅದರ ಮೇಲೆ ನಾವು ದಿನವೂ ಹಾಕುವ ಪೆಟ್ಟನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ನಾಳೆ ಆ ಹುಡುಗ ಏಳಕ್ಕೆ ಐದು ಎಷ್ಟೆಂದು ಮರೆತು ನಿಂತಾಗ “ನಿನ್ನೆ ಹೇಳಿಕೊಟ್ಟಿದ್ದೆನಲ್ಲ!” ಎನ್ನಬೇಡಿ. ಹುಣಿಸೆ ಬೀಜಗಳನ್ನು ಮುಂದಿಟ್ಟು, “ಬಾ ಮಗಾ, ಇನ್ನೊಮ್ಮೆ ನೋಡುವ” ಎನ್ನಿ.