ಕಾಡಿನ ಲೆಕ್ಕಕ್ಕೆ ನಮ್ಮ ಕೈ

(ನರಸಿಂಹರಾಜಪುರದಲ್ಲಿ ಮಿಲ್ಲಿನ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತು)

ಸಂಜೆ ಅಂಗಡಿಯ ಬಾಗಿಲು ಹಾಕುವ ಮುಂಚೆ ವರ್ತಕರು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಬರೆದಿಡುತ್ತೀರಿ. ಬಟವಾಡೆಯ ದಿನ ಮಿಲ್ಲಿನವರು ಹಾಜರಿ ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತೀರಿ. ಲೆಕ್ಕ ತಪ್ಪಿದರೆ ಹೊಟ್ಟೆಗೆ ಪೆಟ್ಟು ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ನಾವು ಹೇಳಬಂದಿರುವುದು ಇನ್ನೊಂದು ಲೆಕ್ಕದ ಮಾತು: ನಮ್ಮ ಬೆನ್ನಿಗೇ ಇರುವ ಕಾಡಿನ ಲೆಕ್ಕ.

ಈ ಊರಿನ ಮಗ್ಗುಲಿಗೆ ಭದ್ರಾ ಹಿನ್ನೀರು, ಅದರಾಚೆ ಭದ್ರಾ ಅಭಯಾರಣ್ಯ. 1998ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಹೋದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ನಡುವೆ ಕೊಪ್ಪದ ಅಡಿಕೆ, ಕಾಫಿ ತೋಟಗಳು. ಆನೆ ತೋಟಕ್ಕಿಳಿದರೆ ಬೆಳಗಿನ ಮಂಜಿನಲ್ಲಿ ಅದಕ್ಕೆ ಎದುರಾಗುವವರು ಯಾರು? ಕೂಲಿಗೆ ಹೊರಟವರು. ಕಾಡು ಉಳಿಯಲೆಂದು 2001-02ರಲ್ಲಿ ಭದ್ರೆಯ ಒಳಗಿನ ಹಳ್ಳಿಗಳಿಂದ ಎದ್ದು ಬಂದವರು ಯಾರು? ನಾಲ್ಕುನೂರಕ್ಕೂ ಹೆಚ್ಚು ರೈತ, ಕೂಲಿ ಕುಟುಂಬಗಳು. ಇಷ್ಟು ಬೆಲೆ ತೆತ್ತವರು, ಕಾಡಿನಲ್ಲಿ ಏನು ಉಳಿದಿದೆ ಎಂದು ಕೇಳಬಾರದೇ?

ಈ ಲೆಕ್ಕ ಹೇಗೆ ನಡೆಯುತ್ತದೆ? 2023ರ ಮೇ ತಿಂಗಳಲ್ಲಿ ಮೂರು ದಿನ ಆನೆ ಎಣಿಕೆ ನಡೆಯಿತು. ಒಂದು ದಿನ ಗೊತ್ತುಮಾಡಿದ ಜಾಗದಲ್ಲಿ ತಿರುಗಿ ಕಂಡ ಆನೆಗಳನ್ನು ಬರೆದರು. ಒಂದು ದಿನ ನೇರ ಗೆರೆಯಲ್ಲಿ ನಡೆದು ಲದ್ದಿ ಎಣಿಸಿದರು. ಒಂದು ದಿನ ನೀರಿನ ಹೊಂಡದ ಬಳಿ ಕಾದರು. ಕರ್ನಾಟಕದಲ್ಲಿ 6,395 ಆನೆಗಳೆಂದು ಅಂದಾಜು ಬಂತು. ಹುಲಿ ಎಣಿಕೆ ನಾಲ್ಕು ವರ್ಷಕ್ಕೊಮ್ಮೆ. 2022ರಲ್ಲಿ ನಮ್ಮ ರಾಜ್ಯದ ಅಂದಾಜು 563.

ಆದರೆ ಲೆಕ್ಕ ಸುಳ್ಳಾದರೇನು ಗತಿ? ರಾಜಸ್ಥಾನದ ಸರಿಸ್ಕಾದಲ್ಲಿ ಹೆಜ್ಜೆ ಗುರುತು ನೋಡಿ ಹತ್ತಕ್ಕೂ ಹೆಚ್ಚು ಹುಲಿಗಳಿವೆ ಎಂದು ಬರೆದಿದ್ದರು. 2005ರಲ್ಲಿ ನೋಡಿದರೆ ಒಂದೂ ಇರಲಿಲ್ಲ, ಬೇಟೆಗಾರರು ಮುಗಿಸಿದ್ದರು. ಕಾಗದದ ಹುಲಿ ಕಾಗದದಲ್ಲೇ ಉಳಿಯಿತು. ನಾವು ನಗುವಂತಿಲ್ಲ. ಮೇಷ್ಟರಾಗಿದ್ದಾಗ ಇನ್‌ಸ್ಪೆಕ್ಟರು ಬರುವ ದಿನ, ತೋಟದ ಕೆಲಸಕ್ಕೆ ಹೋಗಿದ್ದ ಹುಡುಗರಿಗೂ ನಾವು ಹಾಜರಿ ಹಾಕಿದ್ದುಂಟು. ಪುಸ್ತಕ ತುಂಬಿತು, ಹುಡುಗರ ಓದು ಮಾತ್ರ ನಿಂತಿತು. ಆ ತಪ್ಪು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಆದ್ದರಿಂದಲೇ ಈ ಕೆಲಸಕ್ಕೆ ಹೋಗುವವನಿಗೆ ಮೊದಲ ಪಾಠ: ಕಂಡದ್ದನ್ನು ಬರೆ, ಕಾಣದಿದ್ದರೆ ಕಾಣಲಿಲ್ಲವೆಂದು ಬರೆ. ಐದು ಕಿಲೋಮೀಟರು ನಡೆದು ಸೊನ್ನೆ ಬರೆದವನ ದಿನವೂ ದಂಡವಲ್ಲ.

ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಎಣಿಕೆ ನಡೆಸಿದಾಗ ಊರೂರಿನ ಸ್ವಯಂಸೇವಕರಿಗೆ ಗೆರೆ ಹಿಡಿದು ನಡೆಯುವುದನ್ನು ಕಲಿಸಿದರು. ಪಟ್ಟಣಗಳಿಂದ ರಜೆ ಹಾಕಿ ಹೀಗೆ ಬರುವವರಿಗೆ ನಮ್ಮ ನಮಸ್ಕಾರ. ಆದರೆ ಇಲ್ಲಿಯ ದಿನಗೂಲಿಯವನು ಮೂರು ದಿನ ಬಿಟ್ಟರೆ ಮೂರು ದಿನದ ಅನ್ನ ಹೋಗುತ್ತದೆ. ಸೊಪ್ಪು, ಜಾಡು, ಕೂಗು ಬಲ್ಲವನು ಅವನೇ, ಹೊರಗುಳಿಯುವವನೂ ಅವನೇ. ಎಣಿಕೆಗೆ ಹೋದವನ ಕೂಲಿ ಕಡಿಯಬಾರದು, ತರಬೇತಿ ಕನ್ನಡದಲ್ಲಾಗಬೇಕು, ಬಂದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಬೇಕು. ನಮ್ಮ ಬೇಡಿಕೆ ಇಷ್ಟೇ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ಲೋಕವೆಲ್ಲ ಹಿತ್ತಲ ಹಕ್ಕಿ ಎಣಿಸುತ್ತದೆ. ಅಂಗಡಿಯ ಜಗಲಿಯಲ್ಲಿ ಹದಿನೈದು ನಿಮಿಷ ನಿಂತು ಎಣಿಸಿದರೂ ಅದು ಲೆಕ್ಕವೇ. ಮಿಲ್ಲಿನ ಅಂಗಳದ ಹಲಸು ಯಾವಾಗ ಚಿಗುರಿತು, ಯಾವಾಗ ಕಾಯಿ ಬಿಟ್ಟಿತು ಎಂದು ವಾರಕ್ಕೊಮ್ಮೆ ಬರೆದರೆ, ಮಳೆ ಹದ ತಪ್ಪಿದ್ದಕ್ಕೆ ಸಾಕ್ಷಿಯಾದೀತು. ಅಪ್ಪಣೆಯಿಲ್ಲದೆ ಕಾಡಿಗೆ ಹೋಗಬೇಡಿ. ಪ್ರಾಣಿ ಕಂಡ ಜಾಗವನ್ನು ಊರೆಲ್ಲ ಸಾರಬೇಡಿ, ಬೇಟೆಗಾರನಿಗೂ ಕಿವಿಯಿದೆ.

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೀನನ್ನು ಯಾರೂ ಮುಟ್ಟುವುದಿಲ್ಲ. ಊರೇ ಕಾಯುತ್ತಿದೆ, ಅದಕ್ಕೆ ಉಳಿದಿದೆ. ಕಾಡನ್ನೂ ಹಾಗೆ ಕಾಯಬೇಕಾದರೆ, ಅದರ ಲೆಕ್ಕದ ಪುಸ್ತಕ ನಮ್ಮ ಕೈಗೂ ಬರಬೇಕು.