ಸಂತಾನ ಚಿಕಿತ್ಸೆ ಮತ್ತು ತೆರಿಗೆಪೂರ್ವ ಖಾತೆ: ರಿಯಾಯಿತಿಯೇ, ಹಕ್ಕೇ?



ಸೀಮಂತದ ಮನೆಯಲ್ಲಿ ಮಡಿಲು ತುಂಬುವ ಹೊತ್ತಿಗೆ ಮಕ್ಕಳಿಲ್ಲದ ಹೆಂಗಸನ್ನು ಮೆಲ್ಲನೆ ಬದಿಗೆ ಸರಿಸುವ ರೂಢಿ ಕನ್ನಡ ನಾಡಿನ ಅನೇಕ ಮನೆಗಳಲ್ಲಿತ್ತು. ಪೂರ್ತಿಯಾಗಿ ಹೋಗಿದೆ ಎನ್ನುವಂತಿಲ್ಲ. ಕೊರತೆ ಗಂಡಿನಲ್ಲಿದ್ದರೂ ‘ಬಂಜೆ’ ಎಂಬ ಮಾತು ಬೀಳುವುದು ಹೆಣ್ಣಿನ ಮೇಲೆಯೇ. ಆ ಮಾತಿನ ಭಯ ಹುಟ್ಟಿಸಿದ ಮೌನ ಕಡಲು ದಾಟಿ ನ್ಯೂಜೆರ್ಸಿಗೂ ಬಂದಿದೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಮನೆಸಾಲದ ಬಡ್ಡಿ, ಗ್ರೀನ್ ಕಾರ್ಡಿನ ಸರದಿ ಎಲ್ಲವೂ ಚರ್ಚೆಯಾಗುತ್ತವೆ. ಐವಿಎಫ್ ಚಿಕಿತ್ಸೆಗೆ ಹಣ ಹೊಂದಿಸಿದ್ದು ಹೇಗೆ ಎಂಬುದು ಮಾತ್ರ ಚರ್ಚೆಯಾಗುವುದಿಲ್ಲ. ಇಂದಿನ ಮಾತು ಆ ಹಣದ ಕುರಿತು.

ಮಾನ್ಮತ್ ಜಂಕ್ಷನ್‌ನ ಬಾಡಿಗೆ ಮನೆಯೊಂದರಲ್ಲಿರುವ ದಂಪತಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಗಂಡ ಎಚ್-1ಬಿ ವೀಸಾದ ನೌಕರ. ಅವರ ವಿಮೆಯಲ್ಲಿ ಸಂತಾನ ಚಿಕಿತ್ಸೆ ಸೇರಿಲ್ಲ. ಐವಿಎಫ್‌ನ ಒಂದು ಸುತ್ತಿಗೆ ಸಾಮಾನ್ಯವಾಗಿ 15,000 ಡಾಲರಿಗೂ ಹೆಚ್ಚು ಬೇಕು; ಔಷಧಿಯೂ ಸೇರಿದರೆ ಅನೇಕರಿಗೆ 20,000 ದಾಟುತ್ತದೆ. ಒಂದೇ ಸುತ್ತಿನಲ್ಲಿ ಫಲ ಸಿಗುವ ಭರವಸೆಯಿಲ್ಲ. ಆಗ ಕಚೇರಿಯವರು ತೋರಿಸುವ ದಾರಿ ತೆರಿಗೆಪೂರ್ವ ಆರೋಗ್ಯ ಖಾತೆ.

ಇಂಥ ಖಾತೆಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಎಫ್‌ಎಸ್‌ಎ. 2025ರಲ್ಲಿ ಒಬ್ಬ ನೌಕರ ಇದಕ್ಕೆ ಹಾಕಬಹುದಾದ ಮಿತಿ 3,300 ಡಾಲರ್. ಗಂಡ ಹೆಂಡಿರಿಬ್ಬರೂ ದುಡಿಯುತ್ತಿದ್ದು, ಇಬ್ಬರ ಕಚೇರಿಯಲ್ಲೂ ಈ ಸೌಲಭ್ಯವಿದ್ದರೆ ಇಬ್ಬರೂ ತೆರೆಯಬಹುದು. ವರ್ಷಕ್ಕೆಂದು ಘೋಷಿಸಿದ ಪೂರ್ತಿ ಮೊತ್ತ ಮೊದಲ ದಿನವೇ ಬಳಕೆಗೆ ದೊರೆಯುತ್ತದೆ. ಸಂಬಳದಿಂದ ಕಡಿತ ವರ್ಷವಿಡೀ ಹಂಚಿಕೊಂಡು ಆಗುತ್ತದೆ. ಆದರೆ ವರ್ಷ ಮುಗಿದಾಗ ಉಳಿದ ಹಣ ಬಹುಮಟ್ಟಿಗೆ ಕೈತಪ್ಪುತ್ತದೆ. ಎರಡನೆಯದು 2003ರ ಕಾನೂನಿನಿಂದ ಬಂದ ಎಚ್‌ಎಸ್‌ಎ. 2025ರಲ್ಲಿ ಇದರ ಮಿತಿ ಒಬ್ಬರಿಗೆ 4,300, ಕುಟುಂಬಕ್ಕೆ 8,550 ಡಾಲರ್. ಈ ಹಣ ಖಾತೆದಾರರದೇ. ಕೆಲಸ ಬಿಟ್ಟರೂ ಜೊತೆಗೆ ಬರುತ್ತದೆ. ಆದರೆ ಹೆಚ್ಚಿನ ಡಿಡಕ್ಟಿಬಲ್ ಇರುವ ವಿಮೆಯವರಿಗೆ ಮಾತ್ರ ಇದು ಲಭ್ಯ. ದಂಪತಿಯಲ್ಲಿ ಒಬ್ಬರು ಸಾಮಾನ್ಯ ಎಫ್‌ಎಸ್‌ಎ ಹೊಂದಿದ್ದರೆ ಇನ್ನೊಬ್ಬರು ಎಚ್‌ಎಸ್‌ಎಗೆ ಹಣ ಹಾಕುವಂತಿಲ್ಲ. ಇದನ್ನು ಅರಿಯದೆ ಎಡವುವುದು ಸುಲಭ.

ಐವಿಎಫ್, ಅದರೊಡನೆ ಅಂಡಾಣು ವೀರ್ಯಾಣುಗಳ ತಾತ್ಕಾಲಿಕ ಶೇಖರಣೆ, ಇವೆಲ್ಲ ವೈದ್ಯಕೀಯ ವೆಚ್ಚವೆಂದು ಐಆರ್‌ಎಸ್ ಒಪ್ಪುತ್ತದೆ. ಬೆಂಗಳೂರಿಗೆ ಹೋಗಿ ಕಾನೂನುಬದ್ಧವಾಗಿ ಪಡೆದ ಚಿಕಿತ್ಸೆಗೂ ಈ ಹಣ ಸಲ್ಲುತ್ತದೆ. ಅಲ್ಲಿಂದ ಕೊಂಡು ತಂದ ಔಷಧಿಗೆ ಸಾಮಾನ್ಯವಾಗಿ ಸಲ್ಲದು.

ಇಷ್ಟು ಸೌಲಭ್ಯದ ಮುಖ. ಇನ್ನು ಲೆಕ್ಕದ ಮುಖ. 3,300 ಡಾಲರ್ ಎಫ್‌ಎಸ್‌ಎಗೆ ಹಾಕಿದರೆ, ಶೇ. 24ರ ಆದಾಯ ತೆರಿಗೆ ಹಂತದಲ್ಲಿರುವವರಿಗೆ ಉಳಿಯುವ ಒಕ್ಕೂಟದ ಆದಾಯ ತೆರಿಗೆ 792 ಡಾಲರ್, ಶೇ. 12ರ ಹಂತದವರಿಗೆ 396. ಸಂಬಳ ಕಡಿಮೆಯಾದಷ್ಟೂ ಸರ್ಕಾರದ ನೆರವು ಕಡಿಮೆ. ಅಗತ್ಯ ಒಂದೇ, ಚಿಕಿತ್ಸೆಯ ಬೆಲೆಯೂ ಒಂದೇ. ನೆರವು ಮಾತ್ರ ಉಳ್ಳವರ ಕಡೆಗೆ ವಾಲುತ್ತದೆ. ಎಡಿಸನ್ನಿನ ಅಂಗಡಿಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ಹೆಂಗಸಿಗೆ ಕಚೇರಿಯ ಖಾತೆಯೇ ಇಲ್ಲದಿರಬಹುದು. ನ್ಯೂಜೆರ್ಸಿಯವರಿಗೆ ಇನ್ನೊಂದು ಸೋಜಿಗವಿದೆ: ಈ ಎರಡು ಖಾತೆಗಳಿಗೆ ಹಾಕಿದ ಹಣದ ಮೇಲೂ ರಾಜ್ಯ ತನ್ನ ಆದಾಯ ತೆರಿಗೆಯನ್ನು ಬಿಡುವುದಿಲ್ಲ. ಡಬ್ಲ್ಯೂ-2 ಪತ್ರದಲ್ಲಿ ರಾಜ್ಯದ ಸಂಬಳ ಒಕ್ಕೂಟದ ಸಂಬಳಕ್ಕಿಂತ ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ‘ತೆರಿಗೆಪೂರ್ವ’ ಎಂಬ ಹೆಸರು ಇಲ್ಲಿ ಅರ್ಧಸತ್ಯ.

ತಂದೆ ತಾಯಿ ಆಗಲು ಯಾರು ಅರ್ಹರು ಎಂಬುದನ್ನೂ ತೆರಿಗೆಯ ಭಾಷೆ ಸದ್ದಿಲ್ಲದೆ ನಿರ್ಧರಿಸುತ್ತದೆ. ಚಿಕಿತ್ಸೆ ತೆರಿಗೆದಾರರ, ಅವರ ಸಂಗಾತಿಯ ಅಥವಾ ಅವಲಂಬಿತರ ದೇಹಕ್ಕೆ ಸಂಬಂಧಿಸಿರಬೇಕು. ಬಾಡಿಗೆ ತಾಯಿಯ ವೆಚ್ಚ ಇದರಲ್ಲಿ ಸೇರದು. ಜೋಸೆಫ್ ಮಾರಿಸ್ಸಿ ಎಂಬ ಸಲಿಂಗಿ ಪುರುಷ ತಮ್ಮ ಐವಿಎಫ್ ವೆಚ್ಚವನ್ನು ವೈದ್ಯಕೀಯ ವೆಚ್ಚವೆಂದು ಪರಿಗಣಿಸಬೇಕೆಂದು ಕೋರ್ಟಿನ ಮೆಟ್ಟಿಲೇರಿದರು. 2017ರಲ್ಲಿ ಹನ್ನೊಂದನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಅವರ ದೇಹದಲ್ಲಿ ದೋಷವಿಲ್ಲ, ಆದ್ದರಿಂದ ಅಂಡದಾನಿಗೂ ಬಾಡಿಗೆ ತಾಯಿಗೂ ಕೊಟ್ಟ ಹಣ ಚಿಕಿತ್ಸೆಯಲ್ಲ ಎಂಬುದು ಅದರ ನೋಟ. ಅದೇ ವ್ಯಾಖ್ಯೆ ಈ ಖಾತೆಗಳನ್ನೂ ಆಳುತ್ತದೆ. ಹೆಣ್ಣನ್ನು ಬಂಜೆಯೆಂದು ಬದಿಗೆ ಸರಿಸಿದ ಸಮಾಜದಿಂದ ಬಂದವರು ಈ ಇನ್ನೊಂದು ಬಗೆಯ ಬದಿಗೆ ಸರಿಸುವಿಕೆಯನ್ನು ಗುರುತಿಸದೆ ಇರಲಾಗದು.

ಬೇರೆ ದಾರಿ ಇಲ್ಲವೇ? ಇದೆ. ಐವತ್ತಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳ ವಿಮೆಯಲ್ಲಿ ಸಂತಾನ ಚಿಕಿತ್ಸೆ ಸೇರಿರಬೇಕೆಂದು ನ್ಯೂಜೆರ್ಸಿ 2001ರಲ್ಲೇ ಕಾನೂನು ಮಾಡಿತು. 2024ರ ಜನವರಿಯಲ್ಲಿ ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನು ಅದನ್ನು ಒಂಟಿ ವ್ಯಕ್ತಿಗಳಿಗೂ ಸಲಿಂಗ ದಂಪತಿಗಳಿಗೂ ವಿಸ್ತರಿಸಿತು. ಆದರೆ ನೌಕರರ ಚಿಕಿತ್ಸೆಯ ವೆಚ್ಚವನ್ನು ತಾವೇ ಭರಿಸುವ ಸ್ವಯಂವಿಮಾ ಸಂಸ್ಥೆಗಳು 1974ರ ಎರಿಸಾ ಎಂಬ ಒಕ್ಕೂಟದ ಕಾನೂನಿನ ಮರೆಯಲ್ಲಿ ಈ ಕಟ್ಟಳೆಯಿಂದ ಹೊರಗುಳಿಯುತ್ತವೆ. ದೊಡ್ಡ ಕಂಪನಿಗಳಲ್ಲಿ ಬಹುಪಾಲು ಇಂಥವೇ. ಅಲ್ಲಿ ಈ ಸೌಲಭ್ಯ ಕೊಡುವುದು ಬಿಡುವುದು ಮಾಲೀಕರ ಇಚ್ಛೆ. ಸಣ್ಣ ಕನ್ಸಲ್ಟಿಂಗ್ ಸಂಸ್ಥೆಗಳು ಐವತ್ತರ ಗಡಿಯ ಕೆಳಗಿರಬಹುದು. ಕಾನೂನು ಇದ್ದೂ ಅನೇಕ ಕನ್ನಡಿಗರ ಮನೆಗೆ ಅದು ತಲುಪದಿರುವುದು ಹೀಗೆ.

ಕೊನೆಯದಾಗಿ ವೀಸಾದ ಮಾತು. ಚಿಕಿತ್ಸೆಯ ನಡುವೆ ಗಂಡನ ಕೆಲಸ ಹೋಯಿತೆನ್ನಿ. ಹೊಸ ಮಾಲೀಕರನ್ನು ಹುಡುಕಲು ಹೆಚ್ಚೆಂದರೆ 60 ದಿನ. ಕೆಲಸದ ಕೊನೆಯ ದಿನದ ನಂತರದ ಚಿಕಿತ್ಸೆಗೆ ಎಫ್‌ಎಸ್‌ಎ ಹಣ ಸಾಮಾನ್ಯವಾಗಿ ಸಿಗದು. ಚುಚ್ಚುಮದ್ದು ಆರಂಭವಾದ ಹೆಣ್ಣಿನ ದೇಹ ಆ ಗಡುವಿಗೆ ಕಾಯುವುದಿಲ್ಲ. ಎಫ್‌ಎಸ್‌ಎಯ ಪೂರ್ತಿ ಮೊತ್ತವನ್ನು ಮೊದಲೇ ಬಳಸಿದವರಿಂದ ಮಾಲೀಕರು ಅದನ್ನು ಮರಳಿ ಕೇಳುವಂತಿಲ್ಲ ಎಂಬ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಅದನ್ನು ತಿಳಿದಿರುವುದು ಒಳಿತು.

ಆದ್ದರಿಂದ ಈ ಖಾತೆಗಳನ್ನು ಬಳಸಬಾರದೆಂದಲ್ಲ; ಅರಿತು ಬಳಸಬೇಕು. ಚಿಕಿತ್ಸೆಯ ತಿಂಗಳನ್ನು ವೈದ್ಯರಲ್ಲಿ ಕೇಳಿಕೊಂಡೇ ವಾರ್ಷಿಕ ಮೊತ್ತ ಘೋಷಿಸಬೇಕು. ವಿಮೆ ಸ್ವಯಂವಿಮೆಯೇ ಎಂದು ಕಚೇರಿಯಲ್ಲಿ ವಿಚಾರಿಸಬೇಕು. ಆದರೆ ತನ್ನದೇ ಸಂಬಳದ ಹಣವನ್ನು ತಾನೇ ಕೂಡಿಟ್ಟು ಖರ್ಚು ಮಾಡುವುದನ್ನು ಹಕ್ಕೆಂದು ಭ್ರಮಿಸಬಾರದು. ಅದು ರಿಯಾಯಿತಿ, ಉಳ್ಳವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ. ಮಗು ಬೇಕೆಂಬ ಬಯಕೆಗೆ ಸಂಬಳದ ಹಂತವಿಲ್ಲ, ವೀಸಾದ ವರ್ಗವಿಲ್ಲ. ಎಲ್ಲ ವಿಮೆಗಳಲ್ಲೂ ಈ ಚಿಕಿತ್ಸೆ ಸೇರಬೇಕೆಂಬ ಬೇಡಿಕೆಯನ್ನು ಟ್ರೆಂಟನ್‌ಗೂ ವಾಷಿಂಗ್ಟನ್‌ಗೂ ಒಯ್ಯಲು ಮತದ ಹಕ್ಕಿಲ್ಲದವರಿಗೂ ಬಾಯಿದೆ. ಆದರೆ ಆ ಬಾಯಿ ಮೊದಲು ತೆರೆಯಬೇಕಾದದ್ದು ಕನ್ನಡ ಕೂಟದ ಊಟದ ಸಾಲಿನಲ್ಲಿ.